ಇಬ್ಬರೂ ಒಟ್ಟಿಗೆ ಸೇವ್ ಒತ್ತಿದರೆ: ಯಾವ ಪರದೆಗೆ ಯಾವ ದಾರಿ

ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ ಕೊಳ್ಳುವ ಒಂದು ಅಂಗಡಿ. ಅಲ್ಲಿ ಮೂರು ಕಂಪ್ಯೂಟರ್. ಒಂದು ತೂಕದ ಮನೆಯಲ್ಲಿ, ಒಂದು ಆಫೀಸಿನಲ್ಲಿ, ಇನ್ನೊಂದು ಮಾಲೀಕರ ಮೇಜಿನ ಮೇಲೆ. ಸಾಫ್ಟ್‌ವೇರ್ ನಾನೇ ಬರೆದದ್ದು. ಫೆಬ್ರವರಿ ತಿಂಗಳು. ರೋಬಸ್ಟಾ ಕುಯ್ಲು ಮುಗಿಯುತ್ತಾ ಬಂದಿತ್ತು, ಒಣಗಿದ ಕಾಫಿ ಹಣ್ಣು, ಅಂದರೆ ಚೆರಿ, ತುಂಬಿಕೊಂಡು ಪಿಕಪ್‌ಗಳು ಸಾಲಾಗಿ ನಿಂತಿದ್ದವು.

ಗೋಡೌನಿನ ಲೆಕ್ಕದಲ್ಲಿ 320 ಮೂಟೆ ಇತ್ತು. ತೂಕದ ಹುಡುಗ ಆ ಪರದೆ ತೆರೆದ. ಅದೇ ಹೊತ್ತಿಗೆ ಆಫೀಸಿನ ಅಕ್ಕನೂ ತೆರೆದರು. ಇಬ್ಬರಿಗೂ ಕಂಡದ್ದು 320. ಹುಡುಗ ಹೊಸದಾಗಿ ಬಂದ 45 ಮೂಟೆ ಸೇರಿಸಿ ಸೇವ್ ಒತ್ತಿದ, 365 ಆಯಿತು. ಅಕ್ಕ ಕ್ಯೂರಿಂಗ್‌ಗೆ (ಸಿಪ್ಪೆ ಬಿಡಿಸಿ ಬೇಳೆ ಮಾಡುವ ಕಡೆಗೆ) ಕಳಿಸಿದ 60 ಮೂಟೆ ಕಳೆದು ಸೇವ್ ಒತ್ತಿದರು. ಅವರ ಪರದೆಯಲ್ಲಿ ಇನ್ನೂ 320 ಇತ್ತಲ್ಲ, ಹಾಗಾಗಿ 260 ಬರೆಯಿತು. ಇರಬೇಕಾದದ್ದು 305. ಹುಡುಗ ಹೊತ್ತು ಹಾಕಿದ 45 ಮೂಟೆ ಗೋಡೌನಿನಲ್ಲಿದೆ, ಲೆಕ್ಕದಲ್ಲಿಲ್ಲ. ಯಾವ ಎರರ್ ಕೂಡ ಬರಲಿಲ್ಲ. ಮೂರು ದಿನ ಬಿಟ್ಟು ಮೂಟೆ ಎಣಿಸಿದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಪಾಪ ಆ ಹುಡುಗನ ಮೇಲೆ ಎಲ್ಲರ ಕಣ್ಣೂ ಬಿದ್ದಿತ್ತು. ತಪ್ಪು ನನ್ನದು.

ಅವತ್ತಿನಿಂದ ಈ ವಿಷಯ ತಲೆಗೆ ಹತ್ತಿಕೊಂಡಿದೆ. ಒಂದೇ ಡೇಟಾಬೇಸಿಗೆ ನಾಲ್ಕಾರು ಜನ ಕೈ ಹಾಕುವ ಸಾಫ್ಟ್‌ವೇರ್ ಬರೆಯುವವರಿಗೆ, ದುಡ್ಡು ಕೊಟ್ಟು ಬರೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು. ಸುತ್ತುಬಳಸಿ ಹೇಳುವುದಿಲ್ಲ. ಇಡೀ ಸಾಫ್ಟ್‌ವೇರಿಗೆ ಒಂದೇ ಉಪಾಯ ಅಂತ ಹುಡುಕಬೇಡಿ. ಪರದೆಗೊಂದು ಉಪಾಯ ಬೇಕು. ಪ್ರತಿ ಪರದೆಯ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಎರಡನೆಯವರು ಮೊದಲನೆಯವರದನ್ನು ಅಳಿಸಿದರೆ ಏನು ಹಾಳಾಗುತ್ತದೆ?

ಕೊನೆಗೆ ಒತ್ತಿದವರೇ ಗೆದ್ದರು

ನೀವು ಏನೂ ಮಾಡದಿದ್ದರೆ ಸಿಗುವುದು ಇದೇ. ನನ್ನ 45 ಮೂಟೆ ನುಂಗಿದ್ದೂ ಇದೇ. ಹಾಗಂತ ಎಲ್ಲ ಕಡೆಯೂ ಇದು ಕೆಟ್ಟದ್ದಲ್ಲ. ಇವತ್ತಿನ ಕಾಳುಮೆಣಸಿನ ರೇಟು ಹಾಕುವ ಪರದೆ ಇದೆ ಅಂದುಕೊಳ್ಳಿ. ಬೆಳಗ್ಗೆ ಒಬ್ಬರು ಹಾಕಿದರು, ಮಧ್ಯಾಹ್ನ ಮಾಲೀಕರು ಬದಲಿಸಿದರು. ಕೊನೆಗೆ ಹಾಕಿದ್ದೇ ಸರಿಯಾದ ರೇಟು, ಅಲ್ವಾ? ಅಂಥ ಕಡೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಯಾರು, ಯಾವಾಗ ಬದಲಿಸಿದರು ಅನ್ನುವುದು ಪಕ್ಕದಲ್ಲಿ ಬರೆದುಕೊಂಡರೆ ಸಾಕು.

ತೆರೆದವರಿಗೆ ಬೀಗ

ಎರಡನೇ ದಾರಿ ಎಲ್ಲರಿಗೂ ಮೊದಲು ಹೊಳೆಯುವುದು. ಒಬ್ಬರು ದಾಖಲೆ ತೆರೆದು ತಿದ್ದಲು ಶುರು ಮಾಡಿದ ಕೂಡಲೇ ಬೀಗ. ಬೇರೆಯವರು ನೋಡಬಹುದು, ಮುಟ್ಟುವಂತಿಲ್ಲ. ಬ್ಯಾಂಕಿನ ಲಾಕರ್ ಇದ್ದಂಗೆ. ನನ್ನ ಗಿರಾಕಿಗಳು ಕೇಳುವುದೂ ಇದನ್ನೇ. ಕೇಳಲು ಚೆನ್ನಾಗಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಇದರ ಬಣ್ಣ ಬಯಲಾಗುತ್ತದೆ.

ಆಫೀಸಿನವರು ಒಬ್ಬ ಬೆಳೆಗಾರರ ಖಾತೆ ತೆರೆದು, ಒಂದಕ್ಷರ ತಿದ್ದಿ, ಹಾಗೇ ಬಿಟ್ಟು ಊಟಕ್ಕೆ ಹೋದರು. ಆ ಬೆಳೆಗಾರರೇ ಮೂಟೆ ತಂದು ಬಾಗಿಲಲ್ಲಿ ನಿಂತಿದ್ದಾರೆ. ತೂಕದ ಮನೆಯ ಪರದೆಯಲ್ಲಿ 'ದಾಖಲೆ ಬಳಕೆಯಲ್ಲಿದೆ' ಅಂತ ಬರುತ್ತಿದೆ. ಯಾರ ಬಳಕೆಯಲ್ಲಿ? ಎಷ್ಟು ಹೊತ್ತಿನಿಂದ? ಅದು ಹೇಳುವುದಿಲ್ಲ.

ಈ ದಾರಿ ಹಿಡಿಯುವುದೇ ಆದರೆ ಆ ಸಂದೇಶವನ್ನು ಹೀಗೆ ಬರೆಯಿರಿ: 'ಆಫೀಸ್ ಕಂಪ್ಯೂಟರಿನಲ್ಲಿ 1:10ರಿಂದ ತೆರೆದಿದೆ.' ಅಷ್ಟು ಹೇಳಿದರೆ ಹುಡುಗ ಓಡಿಹೋಗಿ ಮುಚ್ಚಿ ಬರುತ್ತಾನೆ. ನನ್ನ ಅನುಭವದಲ್ಲಿ ಅರ್ಧ ತಕರಾರು ಈ ಒಂದು ಸಾಲಿನಿಂದಲೇ ಹೋಗುತ್ತದೆ.

ಇನ್ನೊಂದು ತಾಪತ್ರಯ ನಮ್ಮ ಕೊಡಗಿನಲ್ಲಿ ಜಾಸ್ತಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತೆ. ಡೇಟಾಬೇಸ್ ಇರುವ ಸರ್ವರಿಗೆ ಯುಪಿಎಸ್ ಇದೆ, ಆಫೀಸಿನ ಕಂಪ್ಯೂಟರಿಗೆ ಇಲ್ಲ. ಬೀಗ ಹಾಕಿದ ಕಂಪ್ಯೂಟರ್ ಸತ್ತಿತು, ಬೀಗ ಮಾತ್ರ ಡೇಟಾಬೇಸಿನ ಟೇಬಲ್ಲಿನಲ್ಲಿ (ಸಾಲು-ಕಾಲಂಗಳ ಪಟ್ಟಿಯಲ್ಲಿ) ಹಾಗೇ ಉಳಿಯಿತು. ಕೀಲಿ ಯಾರ ಹತ್ತಿರವೂ ಇಲ್ಲ. ಬೀಗವನ್ನು ಒಂದು ಟೇಬಲ್ಲಿನಲ್ಲಿ ಬರೆದಿಡುವ ಕ್ರಮ ನಿಮ್ಮದಾದರೆ ಅದಕ್ಕೆ ಉಸಿರು ಇರಬೇಕು. ಪರದೆ ತೆರೆದಿರುವಷ್ಟು ಹೊತ್ತು ನಿಮಿಷಕ್ಕೊಂದು ಸಲ 'ಇನ್ನೂ ಇದ್ದೇನೆ' ಅಂತ ಸಮಯ ಬರೆಯುತ್ತಿರಲಿ. ಮೂರು ನಿಮಿಷ ಸದ್ದಿಲ್ಲದಿದ್ದರೆ ಬೀಗ ಬಿಚ್ಚಿಹೋದಂತೆ ಲೆಕ್ಕ. ಆ ಸಮಯ ಸರ್ವರಿನ ಗಡಿಯಾರದ್ದಾಗಿರಲಿ. ಒಂದೊಂದು ಕಂಪ್ಯೂಟರಿನ ಗಡಿಯಾರ ಒಂದೊಂದು ಹೇಳುತ್ತದೆ.

ಡೇಟಾಬೇಸೇ ಕೊಡುವ ಬೀಗ ಬಳಸಬಹುದಲ್ಲ ಅಂತ ಕೇಳುತ್ತೀರಿ. ಬಳಸಬಹುದು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸಿನಲ್ಲಿ ಆ್ಯಪ್‌ಲಾಕ್ ಅಂತ ಇದೆ, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನಲ್ಲಿ ಅಡ್ವೈಸರಿ ಲಾಕ್. ಎರಡನ್ನೂ ಸೆಷನ್ನಿಗೆ, ಅಂದರೆ ಆ ಕಂಪ್ಯೂಟರಿನ ಸಂಪರ್ಕಕ್ಕೆ, ಕಟ್ಟಬಹುದು, ಸಂಪರ್ಕ ಕಡಿದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಕರೆಂಟ್ ಹೋಗಿ ಸತ್ತ ಕಂಪ್ಯೂಟರ್ 'ಹೋಗಿಬರ್ತೀನಿ' ಅಂತ ಹೇಳಿ ಸಾಯುವುದಿಲ್ಲ. ಸಂಪರ್ಕ ಕಡಿದದ್ದು ಸರ್ವರಿಗೆ ಗೊತ್ತಾಗಬೇಕು. ಪೋಸ್ಟ್‌ಗ್ರೆಸ್ ಇದನ್ನು ಆಪರೇಟಿಂಗ್ ಸಿಸ್ಟಮ್ಮಿನ ಕೀಪ್‌ಅಲೈವ್ (ಆ ಕಡೆ ಜೀವ ಇದೆಯಾ ಅಂತ ವಿಚಾರಿಸುವ ವ್ಯವಸ್ಥೆ) ಲೆಕ್ಕಕ್ಕೆ ಬಿಡುತ್ತದೆ. ಅದು ಸಾಮಾನ್ಯವಾಗಿ 2 ಗಂಟೆ ಸುಮ್ಮನಿದ್ದು ಆಮೇಲೆ ವಿಚಾರಿಸಲು ಶುರು ಮಾಡುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಒಂದು ನಿಮಿಷಕ್ಕೆ ಇಳಿಸಿಕೊಳ್ಳಿ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಪರದೆ ತೆರೆದಾಗ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನುವ ಬರಹದ ಕಟ್ಟು) ಶುರು ಮಾಡಿ, ಸೇವ್ ಒತ್ತಿದಾಗ ಮುಗಿಸುವುದು. ಮನುಷ್ಯ ಯೋಚಿಸುತ್ತಾ ಕೂತಿರುವಷ್ಟು ಹೊತ್ತೂ ಡೇಟಾಬೇಸ್ ಕಾಯುತ್ತದೆ. ಎಸ್‌ಕ್ಯೂಎಲ್ ಸರ್ವರ್, ನೀವು ಮಿತಿ ಹಾಕದಿದ್ದರೆ, ಬೀಗಕ್ಕಾಗಿ ಎಷ್ಟು ಹೊತ್ತಾದರೂ ಕಾಯುವ ಜಾತಿ. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ, ಬದಲಾಗುತ್ತಿರುವ ಸಾಲನ್ನು ಸುಮ್ಮನೆ ಓದಲು ಬಂದವರೂ ಸರದಿಯಲ್ಲಿ ನಿಲ್ಲಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಎಂಜಿನ್ ಇನ್ನೋಡಿಬಿ 50 ಸೆಕೆಂಡ್ ಕಾದು ಕೈಬಿಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಓದುವವರಿಗೆ ಬರೆಯುವವರು ಅಡ್ಡ ಬರುವುದಿಲ್ಲ, ಬರೆಯುವ ಇಬ್ಬರು ಎದುರಾದರೆ ಅಲ್ಲೂ ಕಾಯುವುದೇ.

ಹಾಗಾದರೆ ಈ ಬೀಗ ಎಲ್ಲಿಗೆ ಸರಿ? ತಿದ್ದಲು ತುಂಬಾ ಹೊತ್ತು ಹಿಡಿಯುವ, ಎರಡು ಸಲ ಮಾಡಿಸಿದರೆ ಜನ ಬೈಯುವ ಕೆಲಸಕ್ಕೆ. 40 ಸಾಲಿನ ಬಿಲ್ಲು, ವಾರದ ಬಟವಾಡೆ ಪಟ್ಟಿ, ಇಂಥವು. ಅರ್ಧ ಗಂಟೆ ಕೂತು ತುಂಬಿಸಿದ ಮೇಲೆ 'ಬೇರೆಯವರು ಬದಲಿಸಿದ್ದಾರೆ, ಮತ್ತೆ ಮಾಡಿ' ಅಂದರೆ ಯಾರು ಸುಮ್ಮನಿರುತ್ತಾರೆ?

ಮೊದಲು ಬರೆಯಿರಿ, ಸೇವ್ ಮಾಡುವಾಗ ನೋಡೋಣ

ಮೂರನೆಯದು ನನಗೆ ಇಷ್ಟವಾದದ್ದು. ಯಾರಿಗೂ ಬೀಗ ಇಲ್ಲ. ಪ್ರತಿ ಸಾಲಿನಲ್ಲೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಪರದೆ ತೆರೆದಾಗ ಅದು 7 ಇತ್ತು. ಸೇವ್ ಮಾಡುವಾಗ ಡೇಟಾಬೇಸಿಗೆ ಹೇಳುವುದಿಷ್ಟು: ಈ ಸಾಲಿನ ಸಂಖ್ಯೆ ಇನ್ನೂ 7 ಆಗಿದ್ದರೆ ಮಾತ್ರ ಬರೆ, ಬರೆದ ಮೇಲೆ 8 ಮಾಡು. ನಡುವೆ ಬೇರೆಯವರು ಬರೆದಿದ್ದರೆ ಅದು ಆಗಲೇ 8 ಆಗಿರುತ್ತದೆ, ನಿಮ್ಮ ಅಪ್‌ಡೇಟ್‌ಗೆ ಒಂದು ಸಾಲೂ ಸಿಗುವುದಿಲ್ಲ. ಸೊನ್ನೆ ಸಾಲು ಬದಲಾಯಿತು ಅಂದರೆ ಡಿಕ್ಕಿ ಆಗಿದೆ ಅಂತ ಅರ್ಥ. ಕುಂಗ್ ಮತ್ತು ರಾಬಿನ್ಸನ್ ಅನ್ನುವ ಇಬ್ಬರು ಸಂಶೋಧಕರು 1981ರಲ್ಲೇ ಈ ಯೋಚನೆಗೆ ಒಂದು ರೂಪ ಕೊಟ್ಟಿದ್ದರು. ಹೊಸದೇನಲ್ಲ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಇದಕ್ಕೆಂದೇ ರೋವರ್ಷನ್ ಅನ್ನುವ ಕಾಲಂ ಇದೆ. ಸಾಲು ಬದಲಾದಾಗಲೆಲ್ಲ ತಾನೇ ಬದಲಾಗುತ್ತದೆ. ಬೇರೆ ಕಡೆ ಒಂದು ಪೂರ್ಣಾಂಕದ ಕಾಲಂ ಇಟ್ಟು ನೀವೇ ಒಂದು ಕೂಡಿಸಿದರೆ ಆಯಿತು. 'ಕೊನೆಗೆ ತಿದ್ದಿದ ಸಮಯ'ವನ್ನೇ ಆವೃತ್ತಿಯಾಗಿ ಬಳಸಬೇಡಿ, ಗಡಿಯಾರದ ಗೋಳು ಆಗಲೇ ಹೇಳಿದೆ. ಡಾಟ್‌ನೆಟ್‌ನಲ್ಲಿ ಎಂಟಿಟಿ ಫ್ರೇಮ್‌ವರ್ಕ್ ಬಳಸುವವರಿಗೆ ಆವೃತ್ತಿಯ ಕಾಲಂ ಯಾವುದು ಅಂತ ಹೇಳಿಟ್ಟರೆ ಈ ಪರೀಕ್ಷೆಯನ್ನು ಅದೇ ಮಾಡಿಕೊಡುತ್ತದೆ, ಸಾಲು ಸಿಗದಿದ್ದರೆ ಎಕ್ಸೆಪ್ಷನ್ (ತಪ್ಪಾಯಿತು ಅನ್ನುವ ಸೂಚನೆ) ಎಸೆಯುತ್ತದೆ. ಅದನ್ನು ಹಿಡಿದು, ಏನೂ ಆಗದಂತೆ ನುಂಗಿಕೊಂಡು ಮುಂದೆ ಹೋಗುವ ಕೋಡ್ ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಮಾಡುವುದಾದರೆ ಮೊದಲನೇ ದಾರಿಯೇ ವಾಸಿ. ಅಲ್ಲಿ ಒಬ್ಬರದ್ದಾದರೂ ಉಳಿಯುತ್ತೆ ಅಂತ ಗೊತ್ತಿರುತ್ತದೆ. ಇಲ್ಲಿ ಸೇವ್ ಒತ್ತಿದವರು ಸೇವ್ ಆಯಿತು ಅಂತ ಮನೆಗೆ ಹೋಗುತ್ತಾರೆ.

ಈ ದಾರಿಯಲ್ಲಿ ಕಷ್ಟದ ಕೆಲಸ ಡಿಕ್ಕಿ ಆದಮೇಲಿನದ್ದು. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್ ಬಳಸಿದವರು ಆ ಪೆಟ್ಟಿಗೆ ನೋಡಿರುತ್ತೀರಿ. ನೀವು ತಿದ್ದುವಾಗ ಬೇರೆಯವರು ಬದಲಿಸಿದ್ದಾರೆ, ಈಗ ಏನು ಮಾಡಲಿ ಅಂತ ಕೇಳಿ ಮೂರು ಬಟನ್ ಕೊಡುತ್ತದೆ: ದಾಖಲೆ ಉಳಿಸು, ಕ್ಲಿಪ್‌ಬೋರ್ಡಿಗೆ ನಕಲಿಸು, ಬದಲಾವಣೆ ಬಿಡು. ಒಂದು ಕಡೆ ಇದು ಬಂದಾಗ ಅಲ್ಲಿನ ಅಕ್ಕ ಫೋನ್ ಮಾಡಿದರು.

"ಅಣ್ಣ, ಮೂರರಲ್ಲಿ ಯಾವುದು ಒತ್ಲಿ?"

"ಬೇರೆಯವರು ಏನು ಬದಲಿಸಿದ್ದಾರೆ ಅಕ್ಕ?"

"ಅದು ಇದರಲ್ಲಿ ಎಲ್ಲಿದೆ?"

ಸರಿಯಾದ ಪ್ರಶ್ನೆ. ಏನು ಬದಲಾಗಿದೆ ಅಂತ ತೋರಿಸದೆ ತೀರ್ಪು ಕೇಳಿದರೆ ಯಾರಾದರೂ ಮೊದಲ ಬಟನ್ ಒತ್ತುತ್ತಾರೆ. ಈಗ ನನ್ನ ಪರದೆಯಲ್ಲಿ ಮೂರು ಕಾಲಂ ಬರುತ್ತದೆ: ಮೊದಲು ಇದ್ದದ್ದು, ನೀವು ಬರೆದದ್ದು, ಅವರು ಬರೆದದ್ದು. ಪಕ್ಕದಲ್ಲಿ ಯಾವ ಕಂಪ್ಯೂಟರ್, ಯಾವ ಸಮಯ ಅಂತ ಇರುತ್ತದೆ. ಬದಲಾದ ಸಾಲುಗಳು ಮಾತ್ರ. 30 ಕಾಲಂ ಸುರಿದರೆ ಯಾರೂ ಓದುವುದಿಲ್ಲ.

ಇಬ್ಬರು ಬೇರೆ ಬೇರೆ ಕಾಲಂ ಬದಲಿಸಿದ್ದರೆ ಕೇಳದೇ ಸೇರಿಸಿಬಿಡಬಹುದಲ್ಲ? ಬೆಳೆಗಾರರ ವಿಳಾಸದ ಪರದೆಯಲ್ಲಿ ಧಾರಾಳವಾಗಿ. ಒಬ್ಬರು ಫೋನ್ ನಂಬರ್ ತಿದ್ದಿದರು, ಇನ್ನೊಬ್ಬರು ಬ್ಯಾಂಕ್ ಖಾತೆ ತಿದ್ದಿದರು, ಎರಡೂ ಉಳಿಯಲಿ. ಖರೀದಿ ಚೀಟಿಯಲ್ಲಿ ಮಾತ್ರ ಬೇಡ. ಒಬ್ಬರು ತೂಕ ಸರಿಮಾಡಿದರು, ಅದೇ ಹೊತ್ತಿಗೆ ಇನ್ನೊಬ್ಬರು ಓಟಿಯನ್ನು 27ರಿಂದ 26ಕ್ಕೆ ಇಳಿಸಿದರು ಅಂತ ಇಟ್ಟುಕೊಳ್ಳಿ. ಒಂದು ಮೂಟೆ ಚೆರಿಯಿಂದ ಎಷ್ಟು ಕಿಲೋ ಬೇಳೆ ಸಿಗುತ್ತದೆ ಅನ್ನುವುದೇ ಓಟಿ, ದುಡ್ಡು ನಿಂತಿರುವುದೇ ಅದರ ಮೇಲೆ. ಕಾಲಂ ಬೇರೆ ಬೇರೆ, ಡಿಕ್ಕಿ ಇಲ್ಲ ಅಂತ ಕಂಪ್ಯೂಟರ್ ಎರಡನ್ನೂ ಸೇರಿಸಿತು. ಈಗ ಬಂದ ಮೊತ್ತವನ್ನು ಆ ಇಬ್ಬರಲ್ಲಿ ಒಬ್ಬರೂ ಕಣ್ಣಿಂದ ನೋಡಿಲ್ಲ. ಬೆಳೆಗಾರರ ಕೈಗೆ ಹೋಗುವುದು ಆ ಮೊತ್ತ. ಒಂದರ ಮೇಲೊಂದು ಲೆಕ್ಕ ನಿಂತಿರುವ ಕಾಲಂಗಳನ್ನು ಒಂದು ಗಂಟು ಅಂತ ನೋಡಿ. ಗಂಟಿನಲ್ಲಿ ಯಾವುದು ಬದಲಾದರೂ ಡಿಕ್ಕಿಯೇ.

ಆಕ್ಸೆಸ್ ಪರದೆಯನ್ನು ಎಸ್‌ಕ್ಯೂಎಲ್ ಸರ್ವರಿಗೆ ಜೋಡಿಸಿದವರಿಗೆ ಒಂದು ಮಾತು. ಯಾರೂ ಮುಟ್ಟದ ದಾಖಲೆಗೂ ಈ ಜಗಳದ ಪೆಟ್ಟಿಗೆ ಬರುತ್ತಿದ್ದರೆ, ಹೌದು-ಇಲ್ಲ ಅನ್ನುವ ಬಿಟ್ ಕಾಲಂನಲ್ಲಿ ಏನೂ ತುಂಬದ ಖಾಲಿ ಜಾಗ (ನಲ್) ಇದೆಯಾ ನೋಡಿ. ದಶಮಾಂಶದ ಫ್ಲೋಟ್ ಕಾಲಂಗಳೂ ಇದೇ ಕಿರಿಕ್ ಮಾಡುತ್ತವೆ. ಬಿಟ್ ಕಾಲಂಗೆ ಸೊನ್ನೆಯನ್ನು ಡೀಫಾಲ್ಟ್ ಮಾಡಿ, ಟೇಬಲ್ಲಿಗೆ ರೋವರ್ಷನ್ ಕಾಲಂ ಸೇರಿಸಿ, ಮತ್ತೆ ಲಿಂಕ್ ಮಾಡಿ. ಇದಕ್ಕೆ ನನ್ನ ಎರಡು ಭಾನುವಾರ ಹೋಗಿವೆ.

ತಿದ್ದುವುದೇ ಬೇಡ, ಸಾಲು ಸೇರಿಸಿ

ಮೊದಲು ಹೇಳಿದ ಗೋಡೌನಿನ ಲೆಕ್ಕಕ್ಕೆ ಮೇಲಿನ ಮೂರರಲ್ಲಿ ಯಾವುದೂ ಸರಿಯಿಲ್ಲ. ಬೀಗ ಹಾಕಿದರೆ ಪಿಕಪ್‌ಗಳು ನಿಲ್ಲುತ್ತವೆ. ಆವೃತ್ತಿ ಸಂಖ್ಯೆ ಇಟ್ಟರೆ ಕುಯ್ಲಿನ ಕಾಲದಲ್ಲಿ ಐದು ನಿಮಿಷಕ್ಕೊಂದು ಡಿಕ್ಕಿ.

ಹಳೇ ಕಾಲದ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಏನು ಮಾಡುತ್ತಿದ್ದರು? 320 ಅನ್ನುವುದನ್ನು ಅಳಿಸಿ 365 ಬರೆಯುತ್ತಿರಲಿಲ್ಲ. 'ಬಂದದ್ದು 45' ಅಂತ ಒಂದು ಸಾಲು ಕೆಳಗೆ ಸೇರಿಸುತ್ತಿದ್ದರು. ಹೋದರೆ ಇನ್ನೊಂದು ಸಾಲು. ಉಳಿಕೆ ಅನ್ನುವುದು ಕೂಡಿ ಕಳೆದರೆ ಬರುವ ಅಂಕಿ. ಸಾಫ್ಟ್‌ವೇರಿನಲ್ಲೂ ಹಾಗೇ ಮಾಡಿ. ಹುಡುಗ ಒಂದು ಸಾಲು ಸೇರಿಸುತ್ತಾನೆ, ಅಕ್ಕ ಒಂದು ಸಾಲು ಸೇರಿಸುತ್ತಾರೆ. ಇಬ್ಬರೂ ಒಂದೇ ಕ್ಷಣಕ್ಕೆ ಸೇವ್ ಒತ್ತಿದರೂ ಎರಡು ಸಾಲೂ ಉಳಿಯುತ್ತವೆ, ಉಳಿಕೆ 305 ಅಂತಲೇ ಬರುತ್ತದೆ. ತಪ್ಪಾದರೆ ತಿದ್ದುವುದಿಲ್ಲ, ಸರಿಪಡಿಸುವ ಇನ್ನೊಂದು ಸಾಲು ಬರೆಯುವುದು. ಯಾರ ಮೇಲೂ ಸುಮ್ಮನೆ ಅನುಮಾನ ಬರುವುದಿಲ್ಲ.

ಇದರಲ್ಲೂ ಒಂದು ಕಿಂಡಿ ಇದೆ. ಗೋಡೌನಿನಲ್ಲಿ 100 ಮೂಟೆ. ಇಬ್ಬರು ಬೇರೆ ಬೇರೆ ಲಾರಿಗೆ 80, 80 ಬರೆಯಲು ಹೊರಟರು. ಇಬ್ಬರೂ ಉಳಿಕೆ ನೋಡಿದರು, 100 ಇದೆ, ಸಾಕು. ಎರಡು ಸಾಲೂ ಬಿದ್ದವು, ಉಳಿಕೆ ಮೈನಸ್ 60. ಇಲ್ಲಿ ನೋಡುವುದು ಮತ್ತು ಕಳೆಯುವುದು ಒಂದೇ ಏಟಿಗೆ ಆಗಬೇಕು. ಉಳಿಕೆಯ ಅಂಕಿಯನ್ನು ಒಂದು ಸಾಲಿನಲ್ಲಿ ಇಟ್ಟುಕೊಂಡು, 'ಉಳಿಕೆ 80 ಅಥವಾ ಜಾಸ್ತಿ ಇದ್ದರೆ 80 ಕಳೆ' ಅನ್ನುವ ಒಂದೇ ಅಪ್‌ಡೇಟ್ ಕೊಡಿ, ಹೊರಹೋದ ಸಾಲನ್ನೂ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯಿರಿ. ಎರಡನೆಯವರು ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಯುತ್ತಾರೆ, ಆಮೇಲೆ ಅವರಿಗೆ ಸೊನ್ನೆ ಸಾಲು ಸಿಗುತ್ತದೆ, 'ಇರುವುದು 20 ಮಾತ್ರ' ಅಂತ ಪರದೆ ಹೇಳುತ್ತದೆ. ಬೀಗ ಇದೆ, ಆದರೆ ಮನುಷ್ಯ ಯೋಚಿಸುವ ಹೊತ್ತಿನಲ್ಲಿ ಇಲ್ಲ.

ಚೆಕ್‌ರೋಲಿಗೂ (ಕೆಲಸಗಾರರ ಹಾಜರಿ ಪಟ್ಟಿಗೂ) ಇದೇ ದಾರಿ. ಒಬ್ಬ ಕೆಲಸಗಾರ, ಒಂದು ದಿನ, ಒಂದು ಸಾಲು. ಆ ಎರಡು ಕಾಲಂ ಸೇರಿಸಿ ಯೂನಿಕ್ (ಅದೇ ಜೋಡಿ ಎರಡು ಸಲ ಬರದಂತೆ) ಮಾಡಿಬಿಡಿ. ಇಬ್ಬರು ಮೇಸ್ತ್ರಿಗಳ ಲೆಕ್ಕದಲ್ಲಿ ಒಂದೇ ಹೆಸರು ಬಂದರೆ ಡೇಟಾಬೇಸೇ ತಡೆಯುತ್ತದೆ.

ಬಿಲ್ ನಂಬರಿಗೆ ಬೇರೆ ಕಥೆ. 'ಇರುವುದರಲ್ಲಿ ದೊಡ್ಡದು, ಅದಕ್ಕೆ ಒಂದು ಕೂಡಿಸು' ಅಂತ ಬರೆದರೆ ಇಬ್ಬರಿಗೆ ಒಂದೇ ನಂಬರ್ ಬರುವ ದಿನ ಬಂದೇ ಬರುತ್ತದೆ. ಡೇಟಾಬೇಸಿನ ಆಟೋ ನಂಬರ್ ಬಳಸಿದರೆ ಒಂದೇ ನಂಬರ್ ಎರಡು ಸಲ ಬರುವುದಿಲ್ಲ, ನಡುವೆ ಖಾಲಿ ಬಿಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ದಿಢೀರ್ ಅಂತ ನಿಂತು ಮತ್ತೆ ಎದ್ದರೆ ಐಡೆಂಟಿಟಿ ಕಾಲಂ (ಅದರ ಆಟೋ ನಂಬರ್) 1000 ಹಾರುವುದೂ ಇದೆ. 412 ಆದಮೇಲೆ 1412! ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ ಒಂದರ ಹಿಂದೊಂದು ಬರಬೇಕು ಅಂತಿದೆ, ಆಡಿಟರ್ ಕೇಳದೇ ಬಿಡುವುದಿಲ್ಲ. ಅದಕ್ಕೆ ನಂಬರಿಗೇ ಒಂದು ಪುಟ್ಟ ಟೇಬಲ್ ಇಡಿ. ಬಿಲ್ ಸೇವ್ ಆಗುವ ಟ್ರಾನ್ಸಾಕ್ಷನ್ನಿನ ಒಳಗೇ, ಕೊನೆಯ ಹೆಜ್ಜೆಯಾಗಿ, ಅದರಿಂದ ನಂಬರ್ ತೆಗೆದುಕೊಳ್ಳಿ. ಹೊಸ ಬಿಲ್ ಪರದೆ ತೆರೆದಾಗಲೇ ನಂಬರ್ ತೋರಿಸಬೇಕು ಅಂತ ಗಿರಾಕಿ ಹಟ ಹಿಡಿಯುತ್ತಾರೆ. ಒಪ್ಪಬೇಡಿ.

ಕೆಳಗೆ ಯಾವ ಡೇಟಾಬೇಸ್?

ಕೇಬಲ್ ಎಳೆದ ಒಂದೇ ಕಟ್ಟಡ, ನಾಲ್ಕೈದು ಜನ, ಆಗಲೇ ಆಕ್ಸೆಸ್‌ನಲ್ಲಿ ಓಡುತ್ತಿದೆ ಅಂದರೆ ಅದನ್ನು ಕೀಳಬೇಡಿ. ಪರದೆಗಳ ಫೈಲ್ ಬೇರೆ, ಡೇಟಾ ಫೈಲ್ ಬೇರೆ ಮಾಡಿ. ಪರದೆಯ ಫೈಲ್ ಪ್ರತಿ ಕಂಪ್ಯೂಟರಿನಲ್ಲೂ ಒಂದೊಂದು ಇರಲಿ. ಕಾಗದದ ಮೇಲೆ 255 ಜನ ಒಟ್ಟಿಗೆ ಬಳಸಬಹುದು, ಫೈಲ್ 2 ಜಿಬಿವರೆಗೆ ಬೆಳೆಯಬಹುದು. 255 ಜನರ ಮಾತು ಬಿಡಿ, ಒಬ್ಬರು ವೈಫೈನಲ್ಲಿ ಕೂತರೂ ನನಗೆ ನಿದ್ದೆ ಬರುವುದಿಲ್ಲ. ಬರೆಯುವ ನಡುವೆ ಸಿಗ್ನಲ್ ಹೋದರೆ ಫೈಲೇ ಕೆಡಬಹುದು.

ಒಂದೇ ಫೈಲಿನಲ್ಲಿ ಕೂರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಬಗ್ಗೆ ನನಗೆ ಬಹಳ ಗೌರವ. ಆದರೆ ಶೇರ್ ಮಾಡಿದ ಫೋಲ್ಡರಿನಲ್ಲಿ ಅದರ ಫೈಲ್ ಇಟ್ಟು ಮೂರು ಕಂಪ್ಯೂಟರಿನಿಂದ ತೆರೆಯಬೇಡಿ. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು ಅನ್ನುವುದು ಅದರ ಕ್ರಮ. ಆ ಸರದಿ ಕಾಯುವ ಫೈಲ್ ಬೀಗಗಳು ನೆಟ್‌ವರ್ಕ್ ಫೋಲ್ಡರಿನಲ್ಲಿ ನೆಚ್ಚುವಂಥವಲ್ಲ. 2010ರಲ್ಲಿ ಬಂದ ವಾಲ್ ಮೋಡ್‌ನಿಂದ (ಬದಲಾವಣೆಯನ್ನು ಮೊದಲು ಬೇರೆ ಫೈಲಿಗೆ ಬರೆಯುವ ಕ್ರಮ) ಓದುವವರಿಗೆ ತುಂಬಾ ಅನುಕೂಲ ಆಯಿತು, ಅದಕ್ಕೆ ಎಲ್ಲರೂ ಒಂದೇ ಯಂತ್ರದಲ್ಲಿರಬೇಕು. ಒಂದು ಕಂಪ್ಯೂಟರಿನಲ್ಲಿ ಸಣ್ಣ ಸರ್ವಿಸ್ ಓಡಿಸಿ, ಉಳಿದವರು ಅದರ ಮೂಲಕವೇ ಬರೆಯುವಂತೆ ಮಾಡಿದರೆ ಚೆನ್ನಾಗಿ ನಡೆಯುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಓಟು ಪೋಸ್ಟ್‌ಗ್ರೆಸ್‌ಗೆ. ಆಕ್ಸೆಸ್ ಪರದೆಗಳನ್ನು ಉಳಿಸಿಕೊಳ್ಳಬೇಕಾದರೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಎರಡೂ ಪುಕ್ಕಟೆ. ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇತ್ತು, 2025ರ ಆವೃತ್ತಿಯಲ್ಲಿ 50 ಆಗಿದೆ. ಕಾಫಿ ಅಂಗಡಿಯ ಲೆಕ್ಕಕ್ಕೆ 10 ಕೂಡ ಜಾಸ್ತಿಯೇ, ಸ್ಕ್ಯಾನ್ ಮಾಡಿದ ಆಧಾರ್ ಚಿತ್ರಗಳನ್ನೆಲ್ಲ ಅದರೊಳಗೆ ತುರುಕದಿದ್ದರೆ.

ಯಾವುದನ್ನೇ ಆರಿಸಿ, ಗಿರಾಕಿಗೆ ಕೊಡುವ ಮುಂಚೆ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ಒಂದೇ ದಾಖಲೆ ತೆರೆಯಿರಿ. ಎಡಗೈಯಲ್ಲಿ ಒಂದು ಸೇವ್, ಬಲಗೈಯಲ್ಲಿ ಒಂದು. ಆಮೇಲೆ ಒಂದರ ಕೇಬಲ್ ಕಿತ್ತು ಮತ್ತೆ ಮಾಡಿ. ನಾನು ಈ ಪರೀಕ್ಷೆ ಮಾಡುವುದು ಆ ಗೋಣಿಕೊಪ್ಪದ ಅಂಗಡಿಯಲ್ಲೇ, ಭಾನುವಾರ, ತೂಕದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಕೇಬಲ್ ಕೀಳುವ ಕೆಲಸ ಅವನದ್ದು. ನಾನು ಹೇಳುವ ಮುಂಚೆಯೇ ಕಿತ್ತುಬಿಡುತ್ತಾನೆ.